ಹಸಿ ಗೊಬ್ಬರ ಇನ್ನು ಕೊಡುವುದಿಲ್ಲ

ವಿಜಯಪುರ

ತರಕಾರಿ ಬೆಳೆಯುವ ನಮ್ಮ ಗ್ರಾಹಕರಿಗೆ ನಮಸ್ಕಾರ.

ಈ ಸಲದ ಮಿರಗ (ಮೃಗಶಿರಾ) ಮಳೆಯಿಂದ ನಮ್ಮ ಸಂಘದಲ್ಲಿ ಹಸಿ ಕುರಿಹಿಕ್ಕೆ, ಹಸಿ ಸಗಣಿ ಸಿಗುವುದಿಲ್ಲ. ಕಳಿತ ಗೊಬ್ಬರ ಮಾತ್ರ. ಅದೂ ತೂಕದ ಮೇಲಲ್ಲ, ಬುಟ್ಟಿ ಲೆಕ್ಕದಲ್ಲಿ. ಮಳೆಗಾಲದಲ್ಲಿ ತೂಗಿಸಿದರೆ ನೀವು ನೀರಿಗೂ ರೊಕ್ಕ ಕೊಟ್ಟಂತಾಗುತ್ತದೆ.

ಹಸಿ ಗೊಬ್ಬರ ಹಾಕಿದ ಮಡಿಯಲ್ಲಿ ಬದನೆ, ಟೊಮೆಟೊ ಸಸಿ ಹಚ್ಚಿದರೆ ಎಲೆಯಂಚು ಸುಡುತ್ತದೆ. ಅದು ಅಮೋನಿಯಾ ಮತ್ತು ಉಪ್ಪಿನ ಕೆಲಸ. ಹೊಟ್ಟು, ಕಣಿಕೆ ಹೆಚ್ಚು ಬೆರೆತಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಅದರ ಜೊತೆ ಕಸದ ಬೀಜವೂ ಬರುತ್ತದೆ. ಕೊತ್ತಂಬರಿ, ಮೂಲಂಗಿ, ಗಜ್ಜರಿಯನ್ನು ಹಸಿಯಾಗಿಯೇ ತಿನ್ನುತ್ತೇವೆ, ಸಗಣಿಯ ರೋಗಾಣು ನೇರ ತಾಟಿಗೆ ಬರಬಹುದು. (ಬಿತ್ತನೆಗೆ ಬಹಳ ಮೊದಲೇ ಹೊಲದಲ್ಲಿ ಕುರಿ ನಿಲ್ಲಿಸುವುದು ಬೇರೆ ಮಾತು, ಅದನ್ನು ಬಿಡಬೇಡಿ.)

ನಾವು ಒಂದು ಬುಟ್ಟಿ ಹಿಕ್ಕೆ-ಸಗಣಿಗೆ ಎರಡು ಬುಟ್ಟಿ ಕತ್ತರಿಸಿದ ಜೋಳದ ಕಣಿಕೆ ಬೆರೆಸಿ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ ಒಟ್ಟುತ್ತೇವೆ. ಒಳಗಿನ ಶಾಖ 15 ದಿನ 55 ಡಿಗ್ರಿಗಿಂತ ಇಳಿಯಬಾರದು. ಅಷ್ಟರಲ್ಲಿ ಐದು ಸಲ ಮಗುಚುತ್ತೇವೆ. ಆಮೇಲೆ ಎರಡು-ಮೂರು ತಿಂಗಳು ಹಣ್ಣಾಗಲು ಬಿಡುತ್ತೇವೆ.

ನಮ್ಮ ಬಿಸಿಲಿನಲ್ಲಿ ಮೋಸವಾಗುವುದು ಇಲ್ಲೇ. ನೀರು ತಪ್ಪಿದರೆ ತಿಪ್ಪೆ ಅರ್ಧಕ್ಕೇ ಒಣಗಿ ತಣ್ಣಗಾಗುತ್ತದೆ. ಕೆದರಿದರೆ ಒಳಗೆ ಬೂದಿ ಬಳಿದಂತೆ ಬಿಳಿ ಪದರ. ನೋಡಿದವರು ಕಳಿತಿದೆ ಅನ್ನುತ್ತಾರೆ. ಮಡಿಗೆ ಹಾಕಿ ನೀರು ಬಿಟ್ಟ ಕೂಡಲೇ ಮತ್ತೆ ಬಿಸಿಯಾಗುತ್ತದೆ. ಎಲ್ಲಿಂದಲೇ ತಂದರೂ ಒಂದು ಹಿಡಿ ತೊಯ್ಸಿ, ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ನೆರಳಿಗಿಡಿ. ಬಿಚ್ಚಿದಾಗ ಮೂಗಿಗೆ ಘಾಟು ಹೊಡೆದರೆ ಇನ್ನೂ ಕಳಿತಿಲ್ಲ. ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು.

ಗುಂಟೆಗೆ 250 ಕೆ.ಜಿ. ಸಾಕು, ಅಂದರೆ ನಮ್ಮ 25 ಲೀಟರಿನ ಬುಟ್ಟಿಯಲ್ಲಿ ಸುಮಾರು 18. ಸಸಿ ಹಚ್ಚುವ ಎರಡು ವಾರ ಮೊದಲು ಮೇಲಿನ ಆರು ಇಂಚು ಮಣ್ಣಿಗೆ ಬೆರೆಸಿ. ಎರಿ (ಕಪ್ಪು ಮಣ್ಣಿನ) ಭೂಮಿ ಹಸಿ ಇದ್ದಾಗ ಕೈ ಹಾಕಬೇಡಿ, ಹೆಂಟೆಗಟ್ಟುತ್ತದೆ. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಗೊಬ್ಬರ ಬೇಗ ಕರಗುತ್ತದೆ, ಪ್ರತಿ ವರ್ಷ ಹಾಕಬೇಕು.

ದರ ಏರಿದೆ. ಎರಡು ಟ್ರ್ಯಾಲಿ ಒಟ್ಟಿದರೆ ಕಳಿತ ಮೇಲೆ ಹೆಚ್ಚುಕಡಿಮೆ ಒಂದೇ ಉಳಿಯುತ್ತದೆ, ಮಗುಚುವ ಆಳಿನ ಖರ್ಚೂ ಇದೆ. ಹಸಿ ಗೊಬ್ಬರಕ್ಕೆ ಮುಂಗಡ ಕೊಟ್ಟವರು ರಸೀದಿ ತನ್ನಿ. ಅಷ್ಟೇ ರೊಕ್ಕದ ಕಳಿತ ಗೊಬ್ಬರ ಒಯ್ಯಬಹುದು, ಬೇಡವೆಂದರೆ ರೊಕ್ಕ ವಾಪಸ್.

ಗೊಬ್ಬರ ವಿಭಾಗ