ಅಳಿಯನಿಗೆ, ಎದೆ ಹಿಡಿದ ವಿಷಯವಾಗಿ

ದಾವಣಗೆರೆ
ಮಂಗಳವಾರ ರಾತ್ರಿ

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕ್ಷೇಮ ಅಂತ ಮಾತ್ರ ನನಗೆ ಅನ್ನಿಸುತ್ತಿಲ್ಲ. ಮೊನ್ನೆ ಫೋನಿನಲ್ಲಿ ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದೆ. ಹಡಗಿನ ಇಂಜಿನ್ ರೂಮಿನಿಂದ ಏಣಿ ಹತ್ತುವಾಗ ಎದೆ ಬಿಗಿಯುತ್ತೆ, ಎಡಗೈ ಜೋಮು ಹಿಡಿಯುತ್ತೆ, ಸ್ವಲ್ಪ ಕೂತರೆ ಹೋಗುತ್ತೆ ಅಂದೆ. ಆಮೇಲೆ, "ಮಾವ, ಅವ್ವಂಗೆ ಹೇಳಬೇಡ್ರಿ. ಇಲ್ಲಿ ಸೆಕೆಂಡ್ ಇಂಜಿನಿಯರ್‌ಗೂ ಹೇಳಿಲ್ಲ. ಹೇಳಿದ್ರೆ ಇಳಿಸಿ ಮನೆಗೆ ಕಳಿಸ್ತಾರೆ, ಮುಂದಿನ ಕಾಂಟ್ರ್ಯಾಕ್ಟ್ ಸಿಗಲ್ಲ" ಅಂದೆ.

ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಇದೇ ಹೆದರಿಕೆಯಿಂದ ನಾನು ಏನು ಕಳ್ಕೊಂಡೆ ಅಂತ ಮೊದಲು ಕೇಳು.

ಹತ್ತಿ ಮಿಲ್ಲಿನ ಕಾರ್ಡಿಂಗ್ ವಿಭಾಗದಲ್ಲಿ, ಅಂದರೆ ಹತ್ತಿ ಹಿಂಜುವ ಕಡೆ, ನಾನು 19 ವರ್ಷ ದುಡಿದೆ. ಭಾನುವಾರದ ರಜೆ ಮುಗಿಸಿ ಸೋಮವಾರ ಒಳಗೆ ಕಾಲಿಟ್ಟರೆ ಎದೆ ಹಿಡಿದುಕೊಳ್ಳುತ್ತಿತ್ತು. ಮಂಗಳವಾರ ಸ್ವಲ್ಪ ಕಡಿಮೆ. ಶನಿವಾರದ ಹೊತ್ತಿಗೆ ಮರೆತೇ ಹೋಗೋದು. ಹತ್ತಿ ಧೂಳಿನ ಕಾಯಿಲೆ ಶುರುವಾಗೋದೇ ಹೀಗೆ, ಅದಕ್ಕೆ ಬಿಸಿನೋಸಿಸ್ ಅಂತ ಹೆಸರಿದೆ ಅಂತ ಗೊತ್ತಾಗಿದ್ದು ಮಿಲ್ಲು ಮುಚ್ಚಿದ ಮೇಲೆ. ರಜೆ ಚೀಟಿಯಲ್ಲಿ ಒಂದು ದಿನವೂ 'ಎದೆ ನೋವು' ಅಂತ ಬರೆಸಲಿಲ್ಲ. ಕೆಲಸ ಹೋದೀತು ಅಂತ 'ಊರಿಗೆ ಹೋಗಬೇಕು' ಅಂತಲೇ ಬರೆಸಿದೆ. ಪರಿಹಾರ ಕೇಳಲು ಹೋದಾಗ ಆ ಚೀಟಿಗಳ ಕಟ್ಟನ್ನೇ ತಂದು ಮೇಜಿನ ಮೇಲಿಟ್ಟರು. ಊರಲ್ಲಿ ಅಷ್ಟೊಂದು ಏನ್ರೀ ಕೆಲಸ ಅಂತ ಗುಮಾಸ್ತ ನಕ್ಕ. ಡಾಕ್ಟರು 'ಬೀಡಿ ಸೇದುವ ಅಭ್ಯಾಸವಿದೆ' ಅಂತ ಒಂದೇ ಸಾಲು ಬರೆದರು. ಬೀಡಿ ಸೇದುತ್ತಿದ್ದೆ, ಇಲ್ಲ ಅನ್ನಲ್ಲ. ಬರೀ ಸೋಮವಾರ ಸೇದುತ್ತಿದ್ದೆನಾ?

ನಿನ್ನ ಕಾಂಟ್ರ್ಯಾಕ್ಟಿನ ಪ್ರತಿ ನಿನ್ನ ಅವ್ವನ, ಅಂದರೆ ನನ್ನ ಅಕ್ಕನ ಟ್ರಂಕಿನಲ್ಲಿತ್ತು. ರೇಷನ್ ಕಾರ್ಡ್ ಹುಡುಕಬೇಕು ಅಂತ ಸುಳ್ಳು ಹೇಳಿ ತಂದೆ. ಪರಿಚಯದ ವಕೀಲರ ಹತ್ತಿರ ಎರಡು ಸಂಜೆ ಕೂತು ಓದಿಸಿದೆ. 2006ರಲ್ಲಿ ಜಿನೀವಾದಲ್ಲಿ ಕಡಲ ಕಾರ್ಮಿಕರದ್ದೇ ಒಂದು ಒಪ್ಪಂದ ಆಗಿದೆ, ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್, ನೀವು ಎಂಎಲ್‌ಸಿ ಅಂತೀರಲ್ಲ, ಅದು. ನಮ್ಮ ದೇಶವೂ 2015ರಲ್ಲಿ ಅದನ್ನು ಒಪ್ಪಿಕೊಂಡಿದೆ. ಹಡಗಿನಲ್ಲಿ ಕಾಯಿಲೆ ಬಿದ್ದವನ ಔಷಧಿ ಖರ್ಚು, ಮನೆಗೆ ಕಳಿಸುವ ಖರ್ಚು ಮಾಲೀಕನದ್ದು. ಕಾಯಿಲೆ ಬಿದ್ದಾಗ ಮಾಲೀಕ ಕೊಡಬೇಕಾದ ಸಂಬಳಕ್ಕೆ ಕಾನೂನು ಮಿತಿ ಹಾಕಿದರೂ ಅದು 16 ವಾರಕ್ಕಿಂತ ಕಡಿಮೆ ಇರಬಾರದು. ಬಂದರಿನಲ್ಲಿ ದಡದ ಡಾಕ್ಟರನ್ನು ನೋಡುವುದು ನಿನ್ನ ಹಕ್ಕು. ನಡುಗಡಲಲ್ಲಿದ್ದರೂ ರೇಡಿಯೋ, ಸ್ಯಾಟಲೈಟ್ ಮೂಲಕ ಡಾಕ್ಟರ ಸಲಹೆ ಪುಕ್ಕಟೆ ಸಿಗಬೇಕು. ಎಡಗೈ ಜೋಮು ಅಂದರೆ ಬಂದರಿನ ತನಕ ಕಾಯುವ ಮಾತಲ್ಲ. ಈ ಕಾಗದ ಓದಿ ಮುಗಿಸುವ ಮೊದಲೇ ಹೋಗಿ ಹೇಳು.

ಬರೀ ಬಾಯಲ್ಲಿ ಹೇಳಿ ಬರಬೇಡ. ತಾರೀಖು, ವೇಳೆ, ಆಗ ಏನು ಕೆಲಸ ಮಾಡುತ್ತಿದ್ದೆ, ಒಳಗೆ ಎಷ್ಟು ಸೆಕೆ ಇತ್ತು, ಎಷ್ಟು ತಾಸು ಆಗಿತ್ತು, ಎಲ್ಲ ಒಂದು ಹಾಳೆಯಲ್ಲಿ ಬರೆದು ಕ್ಯಾಪ್ಟನ್‌ಗೆ ಕೊಡು. ಹಡಗಿನ ಮೆಡಿಕಲ್ ಲಾಗ್‌ನಲ್ಲಿ ಏರಿಸಿದರಾ ಅಂತ ಕಣ್ಣಾರೆ ನೋಡು. ಎರಡನ್ನೂ ಫೋಟೋ ತೆಗೆದು ನನಗೆ ಕಳಿಸು. ಹಾಗೇ ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಒಂದು ಸರ್ಟಿಫಿಕೇಟ್ ಅಂಟಿಸಿರುತ್ತಾರೆ. ಕೆಲಸದಿಂದ ಸತ್ತರೆ, ಕೈಲಾಗದಂತಾದರೆ ದುಡ್ಡು ಕೊಡುವ ವಿಮೆಯವರ ಹೆಸರು, ಫೋನ್ ನಂಬರ್ ಅದರಲ್ಲಿರಬೇಕು. 2017ರಿಂದ ಇದು ಕಡ್ಡಾಯ. ದಿನಾ ಅದರ ಮುಂದೆ ಓಡಾಡುತ್ತೀಯ, ಒಂದು ಸಲವಾದರೂ ಓದಿದ್ದೀಯಾ? ಅದರದ್ದೂ ಫೋಟೋ ಬೇಕು.

ಇನ್ನು ಬೈಯುವ ವಿಷಯ. ಹೋದ ಸಲ ಹಡಗು ಹತ್ತುವ ಮೊದಲು ಮೆಡಿಕಲ್ ಪರೀಕ್ಷೆಗೆ ಹೋಗುವಾಗ ಬಿಪಿ ಮಾತ್ರೆ ನುಂಗಿ ಹೋಗಿದ್ದೆ ಅಂತ ನಿನ್ನ ತಂಗಿ ಬಾಯಿ ಬಿಟ್ಟಳು. ಬಿಪಿ ಇದೆ ಅಂತ ಫಾರಂನಲ್ಲಿ ಬರೆದೆಯಾ, ಇಲ್ಲವಾ? ಬೇಕಂತಲೇ ಮುಚ್ಚಿಟ್ಟ ಕಾಯಿಲೆಯಾದರೆ ಮಾಲೀಕನನ್ನು ಹೊಣೆಯಿಂದ ಬಿಡಬಹುದು ಅಂತ ಅದೇ ಒಪ್ಪಂದದಲ್ಲಿದೆ. ಕಂಪನಿಯವರು ಮೊದಲು ಹುಡುಕೋದೇ ಅದನ್ನು. ಏನೇ ಆಗಿರಲಿ, ಈಗ ಡಾಕ್ಟರು ಕೇಳಿದರೆ ನಿಜ ಹೇಳು. ಕ್ಲೇಮಿಗೆ ಏಟು ಬಿದ್ದರೆ ಬೀಳಲಿ. ಯಾವ ಮಾತ್ರೆ ನುಂಗುತ್ತೀಯ ಅಂತ ಗೊತ್ತಿಲ್ಲದ ಡಾಕ್ಟರು ನಿನಗೆ ಏನು ಔಷಧಿ ಕೊಡಬೇಕು?

ಇಳಿಸಿ ಕಳಿಸಿದರು ಅಂತಿಟ್ಟುಕೋ. ನೇರ ಮನೆಗೆ ಬಂದು ಮಲಗಬೇಡ. ನಿನ್ನ ಜೊತೆಯ ಫಿಲಿಪೀನ್ಸ್ ಹುಡುಗರನ್ನು ಕೇಳು, ಅವರ ದೇಶದಲ್ಲಿ ಇಳಿದ 3 ಕೆಲಸದ ದಿನದೊಳಗೆ ಕಂಪನಿ ಡಾಕ್ಟರ ಮುಂದೆ ನಿಲ್ಲಬೇಕು, ಇಲ್ಲದಿದ್ದರೆ ಹಕ್ಕೇ ಹೋಗಬಹುದು. ನಮಗೆ ಆ ಲೆಕ್ಕ ಹಾಗೇ ಅನ್ವಯಿಸಲ್ಲ, ಆದರೂ ನೀನು ಅದನ್ನೇ ಪಾಲಿಸು. ಮುಂಬೈನಲ್ಲೇ ಕಂಪನಿ ಕಚೇರಿಗೆ ಹೋಗಿ ಹಾಜರಿ ಹಾಕಿ, ಮೇಲ್ ಕಳಿಸಿ, ಆಮೇಲೆ ರೈಲು ಹತ್ತು. ಕಂಪನಿ ಡಾಕ್ಟರು 'ಫಿಟ್' ಅಂತ ಬರೆದು ಕೈತೊಳೆದುಕೊಂಡರೆ ನಮ್ಮ ಡಾಕ್ಟರ ಹತ್ತಿರ ತೋರಿಸೋಣ. ಇಬ್ಬರ ಮಾತೂ ಬೇರೆಯಾದರೆ ಎರಡೂ ಕಡೆಯವರು ಒಪ್ಪಿದ ಮೂರನೇ ಡಾಕ್ಟರ ಮಾತೇ ಕೊನೆ ಅಂತ ನಿನ್ನ ಕಾಂಟ್ರ್ಯಾಕ್ಟಿನಲ್ಲಿದೆ. ಆ ಪುಟದ ಮೂಲೆ ಮಡಚಿಟ್ಟಿದ್ದೇನೆ.

ಯಾರಾದರೂ ಚೆಕ್ಕು ಹಿಡಿದು ಬಂದು, ಇದಕ್ಕೊಂದು ಸೈನ್ ಹಾಕಿ ಅಂದರೆ ಹಾಕಬೇಡ. ಆ ಹಾಳೆಯಲ್ಲಿ 'ಇನ್ನೇನೂ ಕೇಳುವುದಿಲ್ಲ' ಅಂತ ಒಂದು ಸಾಲು ಇದ್ದೇ ಇರುತ್ತೆ. ಗೆದ್ದಿದ್ದರಲ್ಲಿ ಅರ್ಧ ನಮಗೆ ಅನ್ನುವ ದಲ್ಲಾಳಿಗಳೂ ಬರ್ತಾರೆ, ಅವರಿಗೆ ಟೀ ಕೂಡ ಕೊಡಬೇಡ. ಯೂನಿಯನ್‌ಗೆ ಪ್ರತಿ ತಿಂಗಳು ಚಂದಾ ಕಟ್ಟುತ್ತೀಯಲ್ಲ, ಮೊದಲು ಅಲ್ಲಿಗೆ ಫೋನ್ ಮಾಡು.

ದುಡ್ಡು ಬಂದೇ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ. ಕೆಲಸದಿಂದಲೇ ಬಂದ ಕಾಯಿಲೆ ಅಂತ ತೋರಿಸಬೇಕು, ಎದೆಯ ಕಾಯಿಲೆಯಲ್ಲಿ ಅದು ಕಷ್ಟ. ಅದಕ್ಕೇ ಹಾಳೆ, ಹಾಳೆ ಅಂತ ಬಡ್ಕೋತಿರೋದು.

ನಿನ್ನ ತಂಗಿ ಈ ಕಾಗದವನ್ನು ಫೋಟೋ ತೆಗೆದು ವಾಟ್ಸಪ್ಪಿನಲ್ಲಿ ಕಳಿಸುತ್ತಾಳೆ. ಮುಂದಿನ ಬಂದರು ಯಾವುದು, ಯಾವತ್ತು ಅಂತ ತಿಳಿಸು. ಅಕ್ಕ ನಿನ್ನೆ ಮಂಡಕ್ಕಿ ಒಗ್ಗರಣೆ ಹಾಕ್ತಾ ಎರಡು ಸಲ ನಿನ್ನ ಸುದ್ದಿ ಕೇಳಿದಳು. ಚೆನ್ನಾಗಿದ್ದಾನೆ ಅಂದೆ. ಲಾಗ್ ಬುಕ್ಕಿನ ಫೋಟೋ ಭಾನುವಾರದೊಳಗೆ ಬರದಿದ್ದರೆ ಅವಳಿಗೆ ಎಲ್ಲ ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ಕ್ಯಾಪ್ಟನ್‌ಗೆ ಫೋನ್ ಬಂದರೆ ನನ್ನ ಕೇಳಬೇಡ.

ಇಂತಿ,
ನಿನ್ನ ಮಾವ