ಒಬ್ಬನಿಗೆ ಅಂತ ಒಲೆ ಹಚ್ಚು ಮಾರಾಯ

ಶಿವಮೊಗ್ಗ,
ಜೂನ್, ಮಳೆ ಹಿಡಿದ ಮೊದಲ ವಾರ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. "ಒಬ್ಬನಿಗೋಸ್ಕರ ಯಾರು ಅಡುಗೆ ಮಾಡ್ತಾರೆ ಮಾರಾಯ, ಹೊಟ್ಟೆ ತುಂಬಿದ್ರೆ ಸಾಕು" ಅಂದೆ. ಆಮೇಲೆ ಮಳೆ, ಅಡಿಕೆ ರೇಟು, ಮಗಳ ಕಾಲೇಜು ಅಂತ ಮಾತು ಬೇರೆ ಕಡೆ ಹೋಯಿತು. ಫೋನಿಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ.

ನೀನು ಅಸ್ಸಾಮಿನ ಜೋರ್ಹಾಟಿಗೆ ಹೋಗಿ ಏಳು ತಿಂಗಳಾಯಿತು. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಕ್ಯಾಂಟೀನು, ರಾತ್ರಿ ಹೋಟೆಲಿನಿಂದ ತರಿಸಿದ ಚಪಾತಿ. ಟೀ ಆಫೀಸಿನ ಮಷೀನಿನದು. ಟೀ ತೋಟಗಳ ನಡುವೆ ಮನೆ ಮಾಡಿಕೊಂಡು ಮಷೀನಿನ ಟೀ ಕುಡಿಯುತ್ತಿದ್ದೀಯ ಅಂತ ಕೇಳಿ ನನಗೆ ನಿಜವಾಗಿ ಬೇಜಾರಾಯಿತು.

ಈ ದಾರಿಯಲ್ಲಿ ನಾನೂ ನಡೆದು ಬಂದಿದ್ದೇನೆ. ಕೊಪ್ಪಳಕ್ಕೆ ವರ್ಗವಾದಾಗ ಎರಡು ವರ್ಷ ಒಬ್ಬನೇ ಇದ್ದೆನಲ್ಲ. ಮೊದಲ ಮೂರು ತಿಂಗಳು ಒಂದು ಮೆಸ್ಸಿನಲ್ಲಿ ಊಟ. ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುತ್ತಿದ್ದರು. ಹೊಟ್ಟೆ ಕೆಟ್ಟು ಒಂದು ವಾರ ಮಲಗಿದೆ. ಆದರೆ ಹೊಟ್ಟೆಗಿಂತ ಜಾಸ್ತಿ ಕೆಟ್ಟಿದ್ದು ಮನಸ್ಸು. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ಆ ಮನೆಯಲ್ಲಿ ಯಾವ ವಾಸನೆಯೂ ಇರುತ್ತಿರಲಿಲ್ಲ. ಸುಣ್ಣದ ಗೋಡೆ ಮತ್ತು ಬೀಗ ಹಾಕಿಟ್ಟ ಗಾಳಿ, ಅಷ್ಟೇ. ಯಾರೋ ವಾಸವಿರುವ ಮನೆ ಅಂತ ಅನ್ನಿಸುತ್ತಲೇ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ನಾನೂ ನಿನ್ನ ಮಾತನ್ನೇ ಹೇಳಿದ್ದೆ. "ಒಬ್ಬನಿಗೆ ಎಂಥ ಅಡುಗೆ ಅಮ್ಮಾ?" ಅಂತ. ಅಮ್ಮ ಬೈಯಲಿಲ್ಲ. "ಒಂದು ಹಿಡಿ ತೊಗರಿಬೇಳೆ ತೊಳಿ" ಅಂದಳು. ಎಷ್ಟು ಅಂತ ಕೇಳಿದೆ. "ನಿನ್ನ ಕೈಯಲ್ಲಿ ಒಂದು ಹಿಡಿ. ನಿನ್ನ ಹೊಟ್ಟೆಗೆ ನಿನ್ನ ಕೈಯೇ ಅಳತೆ" ಅಂದಳು.

ಆ ರಾತ್ರಿ ಮಾಡಿದ್ದು ತಿಳಿಸಾರು. ಬೇಳೆಗೆ ಚಿಟಿಕೆ ಅರಿಸಿನ, ಒಂದು ಹನಿ ಎಣ್ಣೆ, ಒಂದು ಟೊಮೆಟೊ. ಸಣ್ಣ ಕುಕ್ಕರಿನಲ್ಲಿ ಮೂರು ಕೂಗು. ಚೆನ್ನಾಗಿ ಮಸೆದು ನೀರು ಸೇರಿಸಿ, ಅರ್ಧ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು ಕಿವುಚಿ ಹಾಕಿ, ಒಂದು ಚಮಚ ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ. ನೊರೆ ಮೇಲೆದ್ದು ಅಂಚಿಗೆ ಬಂದಾಗ ಒಲೆ ಆರಿಸಬೇಕು, ಮತ್ತೂ ಕುದಿಸಿದರೆ ಸಾರಿನ ಪುಡಿಯ ಘಮ ಹೋಗುತ್ತದೆ. ಆಮೇಲೆ ತುಪ್ಪದ ಒಗ್ಗರಣೆ. ಸಾಸಿವೆ ಚಟಪಟ ಅಂತು, ಇಂಗು ಬಿತ್ತು, ಕರಿಬೇವು ಚುರ್ ಅಂತು. ಐದು ನಿಮಿಷದಲ್ಲಿ ಆ ಖಾಲಿ ಮನೆಗೆ ಒಂದು ವಾಸನೆ ಬಂತು.

ಪಕ್ಕದ ಮನೆಯ ಅಜ್ಜಿ ಬಾಗಿಲ ಹತ್ತಿರ ಬಂದು, "ಏನ್ ಮಾಡೀರಿ ತಮ್ಮಾ, ಘಮಾ ಘಮಾ ವಾಸ್ನಿ ಬರಾಕತ್ತೈತಿ" ಅಂದರು. ಒಂದು ಲೋಟ ಸಾರು ಕೊಟ್ಟೆ. ಮರುದಿನ ಅದೇ ಲೋಟದಲ್ಲಿ ಗುರೆಳ್ಳು ಚಟ್ನಿ ತುಂಬಿ, ಮೇಲೆ ಎರಡು ಜೋಳದ ರೊಟ್ಟಿ ಇಟ್ಟು ಕೊಟ್ಟರು. ಮೂರು ತಿಂಗಳು ಅದೇ ಓಣಿಯಲ್ಲಿದ್ದರೂ ನಾನು ಅವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಆಮೇಲೆ ನಾನು ಅಲ್ಲಿದ್ದಷ್ಟು ದಿನ "ಚಾ ಕುಡ್ಯೂಣು ಬರ್ರಿ" ಅನ್ನುವ ಅವರ ಕರೆ ಒಂದು ಭಾನುವಾರವೂ ತಪ್ಪಲಿಲ್ಲ.

ನೀನು ಹೇಳುತ್ತೀಯ, ಅಲ್ಲಿ ನಮ್ಮ ಕಡೆಯ ಯಾವ ಸಾಮಾನೂ ಸಿಗುವುದಿಲ್ಲ, ಕರಿಬೇವು ಕೂಡ ಇಲ್ಲ ಅಂತ. ಸಂತೆಯಲ್ಲಿ ಒಮ್ಮೆ ನರಸಿಂಹ ಅಂತ ಕೇಳಿ ನೋಡು. ಅಸ್ಸಾಮಿನವರು ಕರಿಬೇವಿಗೆ ಕರೆಯುವ ಹೆಸರು ಅದು. ಎಷ್ಟೋ ಮನೆಗಳ ಹಿತ್ತಲಲ್ಲೇ ಗಿಡ ಇರುತ್ತದೆ.

ಇನ್ನೊಂದು ಹೇಳಲೇಬೇಕು. ಹೋದ ವಾರ ಸೊಪ್ಪಿನ ಅಂಗಡಿಯ ಫೋಟೋ ಕಳಿಸಿದ್ದೆಯಲ್ಲ, ಮೂಲೆಯಲ್ಲಿ ಸಣ್ಣ ಸಣ್ಣ ಕಟ್ಟು, ಮಣಿಮುನಿ ಅಂತ ಹೇಳಿದರು ಅಂದೆ. ಅದನ್ನು ದೊಡ್ಡದು ಮಾಡಿ ನೋಡಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅದು ನಮ್ಮ ಒಂದೆಲಗ! ನಿಮ್ಮ ತೋಟದ ಬಸಿಗಾಲುವೆ ಪಕ್ಕ ಹಬ್ಬಿರುತ್ತಿತ್ತಲ್ಲ, ಪರೀಕ್ಷೆ ಹತ್ತಿರ ಬಂದರೆ ನೆನಪಿನ ಶಕ್ತಿಗೆ ಒಳ್ಳೆಯದು ಅಂತ ನಿನ್ನ ಅಜ್ಜಿ ದಿನಾ ತಿನ್ನಿಸುತ್ತಿದ್ದರಲ್ಲ, ಅದೇ. ಎರಡು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿ ಅದು ನಿನ್ನನ್ನು ಕಾಯುತ್ತಾ ಕೂತಿದೆ, ನೀನು ಪಕ್ಕದಲ್ಲೇ ನಡೆದು ಹೋಗಿ ಬ್ರೆಡ್ಡು ತರುತ್ತಿದ್ದೀಯ.

ನಾಳೆಯೇ ಒಂದು ಕಟ್ಟು ತಾ. ನಾಲ್ಕು ನೀರಿನಲ್ಲಿ ತೊಳಿ, ಬೇರಿನಲ್ಲಿ ಮಣ್ಣು ಇರುತ್ತದೆ. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಒಂದು ಹನಿ ತುಪ್ಪದಲ್ಲಿ ಹುರಿ. ಅದಕ್ಕೆ ಎರಡು ಚಮಚ ತೆಂಗಿನತುರಿ, ಒಂದು ಹಿಡಿ ಹಸಿ ಸೊಪ್ಪು ಹಾಕಿ ನುಣ್ಣಗೆ ರುಬ್ಬು. ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿದರೆ ತಂಬುಳಿ ಆಯಿತು. ಕುದಿಸಬೇಡ. ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರೆ ಕೊಡು, ಸುಸ್ತಾಗಿದ್ದರೆ ಬಿಡು. ಬಿಸಿ ಅನ್ನಕ್ಕೆ ತಣ್ಣನೆ ತಂಬುಳಿ ಬಿದ್ದಾಗ ಮೇಲೇಳುವ ಆ ಹಸಿರು ವಾಸನೆಗೆ ನೀನು ಒಂದು ಕ್ಷಣ ಸುಮ್ಮನಾಗುತ್ತೀಯ, ನೋಡುತ್ತಿರು.

ಬದನೆಕಾಯಿ ಗೊಜ್ಜಿಗೂ ಅಲ್ಲಿ ನೆಂಟರಿದ್ದಾರೆ. ಅವರು ಬೇಂಗೆನಾ ಪಿಟಿಕಾ ಅನ್ನುತ್ತಾರೆ. ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಸಿಪ್ಪೆ ಕಪ್ಪಾಗುವ ತನಕ ಸುಟ್ಟು, ಸುಲಿದು, ಕಿವುಚುವುದು. ಇಲ್ಲಿಯವರೆಗೆ ಎರಡೂ ಒಂದೇ. ಆಮೇಲೆ ನಾವು ಹುಣಸೆಹುಳಿ, ಬೆಲ್ಲ ಹಾಕಿ ಸಾಸಿವೆ ಸಿಡಿಸುತ್ತೇವೆ. ಅವರು ಹಸಿಮೆಣಸು, ಈರುಳ್ಳಿ ಹಾಕಿ ಮೇಲೆ ಹಸಿ ಸಾಸಿವೆ ಎಣ್ಣೆ ಬಿಡುತ್ತಾರೆ. ನಾನು ಇಲ್ಲಿ ಆ ಥರ ಮಾಡಿ ನೋಡಿದೆ. ಮೊದಲ ತುತ್ತಿಗೆ ಎಣ್ಣೆಯ ಖಾರ ಮೂಗಿಗೆ ಹತ್ತಿತು, ಮೂರನೇ ತುತ್ತಿಗೆ ಇಷ್ಟವಾಯಿತು. ಬೆಳಗ್ಗೆ ತಿಂಡಿಗಂತೂ ಅವರ ದೋಯಿ-ಸಿರಾ ಇದೆಯಲ್ಲ, ಮೊಸರು, ಅವಲಕ್ಕಿ, ಬೆಲ್ಲ. ನಮ್ಮ ಮೊಸರವಲಕ್ಕಿಗೆ ಬೆಲ್ಲ ಹಾಕಿದ ಹಾಗೆ. ಕೋಮಲ್ ಸಾಲ್ ಅನ್ನುವ ಅಕ್ಕಿ ಸಿಕ್ಕರೆ ಇನ್ನೂ ಸುಲಭ, ನೀರಿನಲ್ಲಿ ನೆನೆಹಾಕಿದರೇ ಅನ್ನದ ಹಾಗೆ ಮೆತ್ತಗಾಗುತ್ತದೆ, ಒಲೆಯೇ ಬೇಡ. ಇನ್ನು ಬ್ರೆಡ್ಡು ಯಾಕೆ, ಹೇಳು?

ಈಗ ಟೀ ವಿಷಯ. ಇದರಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ.

ನೀನಿರುವ ಊರು ಎಂಥದ್ದು ಅಂತ ಗೊತ್ತಾ? ಅಸ್ಸಾಮಿನಲ್ಲಿ ಟೀ ಗಿಡ ತಾನಾಗಿಯೇ ಬೆಳೆಯುತ್ತದೆ ಅಂತ ಬ್ರಿಟಿಷರಿಗೆ ತಿಳಿದದ್ದು 1823ರಲ್ಲಿ, ರಾಬರ್ಟ್ ಬ್ರೂಸ್ ಅನ್ನುವವನ ಮೂಲಕ. ಅದಕ್ಕೂ ಮುಂಚೆಯೇ ಅಲ್ಲಿಯ ಸಿಂಗ್ಫೋ ಬುಡಕಟ್ಟಿನ ಜನ ಆ ಎಲೆ ಹುರಿದು, ಬಿದಿರಿನ ಕೊಳವೆಗೆ ಗಿಡಿದು, ಒಲೆಯ ಹೊಗೆಯಲ್ಲಿಟ್ಟು ಕಾಪಾಡಿಕೊಂಡು ಕುಡಿಯುತ್ತಿದ್ದರು. 1839ರ ಜನವರಿಯಲ್ಲಿ ಅಸ್ಸಾಂ ಟೀ ಲಂಡನ್ನಿನಲ್ಲಿ ಮೊದಲ ಸಲ ಹರಾಜಾಯಿತು. ನಿಮ್ಮೂರ ಸಿನ್ನಾಮೊರಾ ಇದೆಯಲ್ಲ, ಅಲ್ಲಿ ತೋಟ ಹಾಕಿದ್ದು ಮಣಿರಾಮ್ ದಿವಾನ್. ವ್ಯಾಪಾರಕ್ಕೆ ಅಂತ ಟೀ ಬೆಳೆದ ಮೊದಲ ಭಾರತೀಯ. 1858ರಲ್ಲಿ ಬ್ರಿಟಿಷರು ಅವನನ್ನು ಜೋರ್ಹಾಟಿನಲ್ಲೇ ಗಲ್ಲಿಗೇರಿಸಿದರು. ಟೋಕ್ಲಾಯಿಯ ಟೀ ಸಂಶೋಧನಾ ಕೇಂದ್ರ 1911ರಿಂದ ಅದೇ ಊರಿನಲ್ಲಿದೆ. ಇಂಥ ಊರಿನಲ್ಲಿದ್ದೂ ಸ್ವಂತ ಕೈಯಿಂದ ಒಂದು ಲೋಟ ಟೀ ಕಾಯಿಸಿಕೊಳ್ಳಲಿಲ್ಲ ಅಂದರೆ ನನಗೆ ಸಹಿಸಲಾಗುವುದಿಲ್ಲ.

ಎರಡು ಥರ ಪುಡಿ ತಂದಿಟ್ಟುಕೋ. ಒಂದು ಸಿಟಿಸಿ, ಸಣ್ಣ ಹರಳಿನ ಹಾಗೆ ಇರುತ್ತಲ್ಲ, ನಾವೆಲ್ಲ ಮನೆಯಲ್ಲಿ ಬಳಸುವುದು. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಹಾಕಿ ಜಜ್ಜಿ, ಹರಿದು, ಸುರುಳಿ ಮಾಡಿರುತ್ತಾರೆ. ಅದಕ್ಕೇ ಬೇಗ ಬಣ್ಣ ಬಿಡುತ್ತದೆ, ಹಾಲು ಹಾಕಿದರೂ ರುಚಿ ಮುಳುಗುವುದಿಲ್ಲ. ಇನ್ನೊಂದು ಆರ್ಥೊಡಾಕ್ಸ್, ಉದ್ದ ಎಲೆಯದು. ಅದನ್ನು ಕುದಿಸಲೇಬಾರದು.

ಬೆಳಗಿನ ಹಾಲಿನ ಟೀಗೆ ಮುಕ್ಕಾಲು ಲೋಟ ನೀರು ಇಡು. ಬೆರಳ ತುದಿಯಷ್ಟು ಶುಂಠಿ ಜಜ್ಜಿ ಆ ನೀರಿಗೇ ಹಾಕು, ಹಾಲಿಗೆ ಹಾಕಬೇಡ. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಒಂದು ಕಿಣ್ವ ಇದೆ, ನೀರಿನಲ್ಲಿ ಎರಡು ಮೂರು ನಿಮಿಷ ಕುದಿದರೆ ಅದರ ಆಟ ಮುಗಿಯುತ್ತದೆ. ಹಾಲು ಒಡೆಯಿತು ಅಂತ ನಾನು ಕೊಪ್ಪಳದ ಹಾಲಿನವನ ಹತ್ತಿರ ಎರಡು ಸಲ ಜಗಳ ಮಾಡಿದ್ದೆ. ತಪ್ಪು ನನ್ನ ಶುಂಠಿಯದು ಅಂತ ತಿಳಿದ ಮೇಲೆ ಹೋಗಿ ಕ್ಷಮೆ ಕೇಳಿ ಬಂದೆ. ನೀರು ಕುದಿದ ಮೇಲೆ ಒಂದು ಚಮಚ ಪುಡಿ, ಒಂದು ಏಲಕ್ಕಿ ಸಿಪ್ಪೆ ಸಮೇತ. ಒಂದು ಕುದಿ ಬಂದ ಕೂಡಲೇ ಅರ್ಧ ಲೋಟ ಬಿಸಿ ಹಾಲು. ಪಾತ್ರೆಯ ಅಂಚಿನ ತನಕ ಉಕ್ಕಿ ಬರಲಿ, ಕೆಳಗಿಳಿಸು, ಮತ್ತೊಮ್ಮೆ ಉಕ್ಕಿಸು. ಆಗ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸು. ಒಲೆಯ ಮೇಲೆ ಜಾಸ್ತಿ ಹೊತ್ತು ಬಿಟ್ಟರೆ ಒಗರು ಬರುತ್ತದೆ. ಬೆಲ್ಲದ ಟೀ ಬೇಕಾದರೆ ಬೆಲ್ಲವನ್ನು ಇಳಿಸಿದ ಮೇಲೆ ಲೋಟದಲ್ಲೇ ಕದಡಿಕೋ.

ಸಂಜೆಗೆ ಉದ್ದ ಎಲೆಯದು. ನೀರು ಕುದಿಸಿ, ಒಲೆ ಆರಿಸಿ, ಎಲೆ ಹಾಕಿ ತಟ್ಟೆ ಮುಚ್ಚು. ಮೂರು ನಾಲ್ಕು ನಿಮಿಷ. ಹಾಲು ಬೇಡ. ಅಲ್ಲಿಯವರ ಲಾಲ್ ಸಾಹ್ ಅದೇ ತಾನೇ. ಈಗಂತೂ ಜೂನ್, ಎರಡನೇ ಚಿಗುರಿನ ಕಾಲ. ಅಸ್ಸಾಂ ಟೀಯ ಒಳ್ಳೆಯ ಬೆಳೆ ಬರುವುದೇ ಈ ಹೊತ್ತಿನಲ್ಲಿ. ಹುರಿದ ಧಾನ್ಯದಂಥ ಒಂದು ಸಿಹಿ ಅದರಲ್ಲಿರುತ್ತದೆ. ನಿಧಾನಕ್ಕೆ ಕುಡಿದರೆ ಗಂಟಲಲ್ಲಿ ಅದು ಕೊನೆಗೆ ಸಿಗುತ್ತದೆ.

ನಮ್ಮ ಅಜ್ಜಿಮನೆಯಲ್ಲಿ ಟೀ ಪುಡಿಯೇ ಇರಲಿಲ್ಲ, ನೆನಪಿದೆಯಾ? ಕಷಾಯ ಮಾತ್ರ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಚೂರು ಮೆಂತ್ಯ ಹುರಿದು ಕುಟ್ಟಿದ ಪುಡಿ, ಬೆಲ್ಲ, ಹಾಲು. ಮಳೆಯಲ್ಲಿ ನೆನೆದು ಬಂದ ನಮ್ಮಿಬ್ಬರನ್ನು ಒಲೆಯ ಪಕ್ಕ ಕೂರಿಸಿ, ಕಂಚಿನ ಲೋಟದಲ್ಲಿ ಕೊಡುತ್ತಿದ್ದಳು. ಲೋಟ ಹಿಡಿಯಲಾಗದಷ್ಟು ಬಿಸಿ, ಅಂಗಿ ಚುಂಗಿನಿಂದ ಹಿಡಿದು ಕುಡಿಯುತ್ತಿದ್ದೆವು. ಅಜ್ಜಿ ಕೊನೆಯ ವರ್ಷಗಳಲ್ಲಿ ಮನೆಯಲ್ಲಿ ಒಬ್ಬಳೇ ಇದ್ದಳು. ಆಗಲೂ ಬೆಳಗ್ಗೆ ಒಲೆಗೆ ನೀರು ಚಿಮುಕಿಸಿ ಒರೆಸಿ, ತನ್ನೊಬ್ಬಳಿಗೆ ಅಂತ ಕಷಾಯ ಕಾಸಿ, ಅದೇ ಕಂಚಿನ ಲೋಟಕ್ಕೆ ಬಗ್ಗಿಸಿಕೊಂಡು ಜಗುಲಿಯಲ್ಲಿ ಕೂತು ಕುಡಿಯುತ್ತಿದ್ದಳು. ಅವಸರದಲ್ಲಿ ನಿಂತು ಕುಡಿದದ್ದನ್ನು ನಾನು ನೋಡಲೇ ಇಲ್ಲ. ನಿನ್ನ ಮಾತು ಕೇಳಿದ ರಾತ್ರಿ ನನಗೆ ನೆನಪಾದದ್ದು ಅವಳು ಹಾಗೆ ಕೂತಿದ್ದ ರೀತಿ.

ನಿನಗೆ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಫೀಸಿನಿಂದ ಸುಸ್ತಾಗಿ ಬರುತ್ತೀಯ, ಪಾತ್ರೆ ತೊಳೆಯುವವರಿಲ್ಲ. ಎಲ್ಲ ದಿನವೂ ಸಾರು, ಪಲ್ಯ, ಗೊಜ್ಜು ಮಾಡು ಅನ್ನುವುದಿಲ್ಲ. ದಿನಕ್ಕೆ ಒಂದೇ ಒಂದು ಪದಾರ್ಥ ನಿನ್ನ ಕೈಯಿಂದ ಆಗಲಿ. ಒಂದು ದಿನ ತಂಬುಳಿ, ಒಂದು ದಿನ ಬರೀ ಮೊಸರವಲಕ್ಕಿ. ತಟ್ಟೆಯಲ್ಲಿ ಬಡಿಸಿಕೊಂಡು ಕೂತು ಉಣ್ಣು. ಪಾತ್ರೆಯಿಂದಲೇ ತಿನ್ನಬೇಡ, ಫೋನ್ ನೋಡಿಕೊಂಡು ತಿನ್ನಬೇಡ. ಇಷ್ಟು ಮಾತ್ರ ನನಗೋಸ್ಕರ ಮಾಡು.

ನಿನ್ನೆ ಒಂದು ಪಾರ್ಸಲ್ ಹಾಕಿದ್ದೇನೆ. ಅಮ್ಮನೇ ಹುರಿದು ಮಾಡಿಸಿದ ಅರ್ಧ ಕೆಜಿ ಸಾರಿನ ಪುಡಿ, ಕಷಾಯದ ಪುಡಿ, ಒಂದು ಕಟ್ಟು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಡಬ್ಬಿಯ ಬಾಯಿಗೆ ಎರಡು ಪ್ಲಾಸ್ಟಿಕ್ ಕಟ್ಟಿದ್ದೇನೆ, ತೆಗೆಯುವಾಗ ಹುಷಾರು, ಒದ್ದೆ ಚಮಚ ಹಾಕಬೇಡ. ಬೆಲ್ಲ ಅಲ್ಲೇ ಒಳ್ಳೆಯದು ಸಿಗುತ್ತದೆ ಅಂತ ಕಳಿಸಲಿಲ್ಲ. ನೀನು ಬರುವಾಗ ನನಗೆ ಕಾಲು ಕೆಜಿ ಉದ್ದ ಎಲೆಯ ಟೀ ತಾ, ಈ ತಿಂಗಳ ಕೊಯ್ಲಿನದೇ ಆಗಬೇಕು.

ಅಲ್ಲಿ ನಾಲ್ಕೂವರೆಗೆಲ್ಲ ಬೆಳಕಾಗುತ್ತದೆ ಅಂದೆಯಲ್ಲ. ತೋಟದವರು ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟುಕೊಳ್ಳುತ್ತಾರಂತೆ, ಬಾಗಾನ್ ಟೈಮ್ ಅಂತ. ನಮಗೆ ಇಲ್ಲಿ ಸೂರ್ಯ ಹುಟ್ಟುವುದೇ ಆರರ ಹೊತ್ತಿಗೆ, ಈಗ ಮಳೆ ಮೋಡ ಬೇರೆ. ಭಾನುವಾರ ಐದಕ್ಕೆ ನಾನು ಏಳುತ್ತೇನೆ. ಫೋನ್ ಮಾಡುತ್ತೇನೆ, ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಡು. ನೀನೂ ಒಂದು ಲೋಟ ನೀರಿಡು, ನಾನೂ ಇಡುತ್ತೇನೆ. ನಿನ್ನ ಶುಂಠಿ ಜಜ್ಜುವ ಸದ್ದು ನನಗೆ ಕೇಳಬೇಕು.

ಇತಿ ನಿನ್ನ,
ಶಿವಮೊಗ್ಗದ ಗೆಳೆಯ