ಹೈಬ್ರಿಡ್ ಕಾರನ್ನು ದಟ್ಟಣೆಯಲ್ಲಿ ಓಡಿಸಿ ನೋಡಲು ಬಿಡಿ

ಮಾನ್ಯ ಸಂಪಾದಕರೇ,

ಸಿಬ್ಬಂದಿಗೆ ಹೈಬ್ರಿಡ್ ಕಾರು (ಎಂಜಿನ್ ಜೊತೆಗೆ ವಿದ್ಯುತ್ ಮೋಟರ್ ಕೂಡ ಇರುವ ಕಾರು) ಕೊಡಲು ಮುಂದಾಗುವ ಕಂಪನಿಗಳು ಕರಪತ್ರದಲ್ಲಿನ ಮೈಲೇಜ್ ನೋಡಿ ಆಯ್ಕೆ ಮುಗಿಸುವುದು ಸರಿಯಲ್ಲ. ವಿದ್ಯುತ್ ಕಾರಿಗೆ ಶೇ 5ರಷ್ಟು ಜಿಎಸ್‌ಟಿ ಇದ್ದರೆ ದೊಡ್ಡ ಹೈಬ್ರಿಡ್‌ಗೆ ಶೇ 40ರಷ್ಟಿದೆ; ಅಷ್ಟು ತೆರಿಗೆ ತೆರುವವರು ಕೂಲಂಕಷವಾಗಿ ಪರೀಕ್ಷಿಸಲೇಬೇಕು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಸ್ಟ್ರಾಂಗ್ ಹೈಬ್ರಿಡ್ ಆವೃತ್ತಿಯು ನಿಧಾನಗತಿಯಲ್ಲಿ ಮೋಟರ್ ಬಲದಿಂದಷ್ಟೇ ಚಲಿಸಬಲ್ಲದು ಮತ್ತು ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಸಾಮಾನ್ಯ ಮೈಲ್ಡ್ ಹೈಬ್ರಿಡ್‌ಗಳಲ್ಲಿ ಮೋಟರ್ ಎಂಜಿನ್‌ಗೆ ನೆರವಾಗುತ್ತದೆಯಷ್ಟೇ. ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದರೆ ಈ ಅಂತರ ತಿಳಿಯದು. ಆದ್ದರಿಂದ ಶೋರೂಂನವರು ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಕಡೆ, ಸಂಜೆಯ ದಟ್ಟಣೆಯಲ್ಲಿ, ಎ.ಸಿ. ಹಾಕಿಕೊಂಡು ಓಡಿಸಲು ಅವಕಾಶ ಕೊಡಬೇಕು. ಎಂಜಿನ್ ಎಷ್ಟು ಹೊತ್ತು ಆಫ್ ಆಗಿರುತ್ತದೆ, ಮತ್ತೆ ಚಾಲೂ ಆಗುವಾಗ ಕಾರು ಅದುರುತ್ತದೆಯೇ ಎಂಬುದು ಅಲ್ಲಿ ಗಮನಕ್ಕೆ ಬರುತ್ತದೆ. ಕಂಪನಿಗಳೂ ಖರೀದಿ ವಿಭಾಗದವರನ್ನಲ್ಲ, ದಿನವೂ ಸ್ಟೀರಿಂಗ್ ಹಿಡಿಯುವವರನ್ನೇ ಪರೀಕ್ಷಾ ಚಾಲನೆಗೆ ಕಳುಹಿಸಲಿ.

– ಓದುಗ, ಬೆಂಗಳೂರು